ಸೂಜಿ ತಾಯಿಗೆ, ಲಾಭ ಮರಿಗೆ: ಹಂದಿ ಸಾಕಣೆಯಲ್ಲಿ ಗೆಲ್ಲುವ 6 ಸೂತ್ರಗಳು

ಮೈಸೂರಿನ ಚಾಮರಾಜಪುರಂನ ರೂಮಿನಲ್ಲಿ ಕೂತು ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡುತ್ತಿದ್ದೀರಾ? ಭಾನುವಾರ ಇಲ್ಲೇ ಸ್ಟೇಷನ್‌ನಲ್ಲಿ ರೈಲು ಹತ್ತಿ ನಂಜನಗೂಡು ಕಡೆ ಜಮೀನು ನೋಡಿಬರುವ ಪ್ಲಾನ್ ಇದೆಯಾ? ಭೇಷ್. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ಶೇ 50ರಷ್ಟು, ಗರಿಷ್ಠ 30 ಲಕ್ಷ ರೂ. ಸಬ್ಸಿಡಿ ಇದೆ. ಮಾರಾಟಕ್ಕೆ ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಕೊಡಗು ಪಕ್ಕದಲ್ಲೇ ಇದೆ. ಆದರೆ ಹುಟ್ಟಿದ ವಾರದಲ್ಲೇ ಮರಿಗಳು ಭೇದಿ ಹತ್ತಿ ಸತ್ತರೆ ಯಾವ ಸಬ್ಸಿಡಿಯೂ ಕೈ ಹಿಡಿಯದು. ಕೆಲಸ ತಾಯಿಯಿಂದ ಶುರು ಮಾಡಿ.

1. ಮರಿ ಬರಿಗೈಲಿ ಹುಟ್ಟುತ್ತದೆ, ನೆನಪಿಡಿ.
ಮನುಷ್ಯರಲ್ಲಿ ತಾಯಿಯ ಆಂಟಿಬಾಡಿ ಗರ್ಭದಲ್ಲೇ ಮಗುವಿಗೆ ಸಿಗುತ್ತದೆ. ಹಂದಿಯ ಮಾಸು ಅದನ್ನು ದಾಟಲು ಬಿಡುವುದಿಲ್ಲ. ತಾಯಿಗೆ ಕೊಟ್ಟ ಲಸಿಕೆ ಮರಿಗೆ ತಲುಪುವ ದಾರಿ ಒಂದೇ: ಗಿಣ್ಣುಹಾಲು.

2. 114 ಎಣಿಸಿ.
ಹಂದಿಯ ಗಬ್ಬ ಸುಮಾರು 114 ದಿನ. 3 ತಿಂಗಳು, 3 ವಾರ, 3 ದಿನ. ಜೂನ್ 1ಕ್ಕೆ ಕ್ರಾಸಿಂಗ್ ಆಯಿತೆನ್ನಿ, ಸೆಪ್ಟೆಂಬರ್ 23ರ ಆಸುಪಾಸು ಈಯುತ್ತದೆ. ಮರಿಗಳಿಗೆ ಭೇದಿ ತರುವ ಇ. ಕೊಲೈ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯನ್ನು ಚೊಚ್ಚಲ ಹಂದಿಗೆ ಸಾಮಾನ್ಯವಾಗಿ ಎರಡು ಡೋಸ್ ಕೊಡುತ್ತಾರೆ: ಈಯಲು ಐದಾರು ವಾರ ಇರುವಾಗ ಒಂದು, ಎರಡು ಮೂರು ವಾರ ಇರುವಾಗ ಇನ್ನೊಂದು. ಅಂದರೆ ಆಗಸ್ಟ್ 19, ಸೆಪ್ಟೆಂಬರ್ 9. ಮುಂದಿನ ಸೂಲುಗಳಿಗೆ ಒಂದು ಬೂಸ್ಟರ್. ಲೇಬಲ್ ಬೇರೆ ಹೇಳಿದರೆ ಲೇಬಲ್ಲೇ ಅಂತಿಮ. ತಡ ಮಾಡಿದಿರೋ, ರಕ್ತದಲ್ಲಿ ಆಂಟಿಬಾಡಿ ಏರುವ ಮೊದಲೇ ಕೆಚ್ಚಲಲ್ಲಿ ಗಿಣ್ಣು ಸಿದ್ಧವಾಗಿರುತ್ತದೆ.

3. 'ಗಬ್ಬದ ಹಂದಿಗೆ ಸೂಜಿಯಾ?' ಅನ್ನುವ ಅಭ್ಯಾಸ ಬಿಡಿ.
ಈ ಲಸಿಕೆಗಳು ಸತ್ತ ಬ್ಯಾಕ್ಟೀರಿಯಾದಿಂದ, ಅದರ ತುಣುಕುಗಳಿಂದ ಅಥವಾ ವಿಷ ತೆಗೆದ ಟಾಕ್ಸಾಯ್ಡ್‌ನಿಂದ ಆದವು. ಗಬ್ಬದ ಹಂದಿಗೆಂದೇ ತಯಾರಾದವು. ಅಷ್ಟಕ್ಕೂ ಮೈಸೂರಿನವರು ಲಸಿಕೆಗೆ ಅಂಜುವುದೇ? 1805ರ ಸುಮಾರಿನಲ್ಲಿ ಸಿಡುಬಿನ ಲಸಿಕೆಯ ಪ್ರಚಾರಕ್ಕೆ ನಮ್ಮ ಅರಮನೆಯ ರಾಣಿಯರೇ ಚಿತ್ರಕ್ಕೆ ನಿಂತಿದ್ದರು ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ.

4. ಮೊದಲ 6 ಗಂಟೆ ಶೆಡ್ ಬಿಟ್ಟು ಕದಲಬೇಡಿ.
ಗೆಲ್ಲುವುದೂ ಸೋಲುವುದೂ ಇಲ್ಲೇ. ಮರಿಯ ಕರುಳು ಆಂಟಿಬಾಡಿಯನ್ನು ಹಾಗೇ ಹೀರಿಕೊಳ್ಳುವುದು ಹೆಚ್ಚೆಂದರೆ ಒಂದು, ಒಂದೂವರೆ ದಿನ; ಆಮೇಲೆ ಬಾಗಿಲು ಬಂದ್. ಗಿಣ್ಣಿನ ಬಲವೂ ಗಂಟೆಗಂಟೆಗೆ ಇಳಿಯುತ್ತದೆ. ಮೊದಲ ದಿನ ಒಂದು ಮರಿಗೆ ಸುಮಾರು 250 ಗ್ರಾಂ ಗಿಣ್ಣು ಸಿಗಬೇಕು. ಹನ್ನೆರಡು ಮರಿ ಹಾಕಿದೆಯಾ? ಹೊಟ್ಟೆ ತುಂಬಿದ ದಪ್ಪ ಮರಿಗಳ ಬೆನ್ನಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಬಲ್ಬ್ ಉರಿಯುವ ಬುಟ್ಟಿಯಲ್ಲಿ ಒಂದು ಗಂಟೆ ಕೂರಿಸಿ. ಒದ್ದೆ ಮೈಯಲ್ಲಿ ನಡುಗುತ್ತಾ ಹಿಂದೆ ಬಿದ್ದಿರುವ ಸಣ್ಣದನ್ನು ಒರೆಸಿ, ಮೊಲೆಗೆ ಹಚ್ಚಿ. ಹಾಲು ಕುಡಿಯದ ಮರಿಗೆ ನಿಮ್ಮ ಲಸಿಕೆ ತಲುಪಿಯೇ ಇಲ್ಲ. ತಾಯಿ ಬದಲಿಸುವುದಿದ್ದರೆ, ಸ್ವಂತ ತಾಯಿಯ ಗಿಣ್ಣು ಕುಡಿಸಿದ ಮೇಲೆ ಬದಲಿಸಿ.

5. ಬ್ಯಾಕ್ಟೀರಿಯಾ ಸೊನ್ನೆಗೆ ಇಳಿಸುವ ಟಾರ್ಗೆಟ್ ಇಟ್ಟುಕೊಳ್ಳಬೇಡಿ.
ಹೊಸಬರು ಎಡವುವುದೇ ಇಲ್ಲಿ. ಎಫ್4 ಮಾದರಿಯ ಇ. ಕೊಲೈ ಕೂದಲಿನಂಥ ಎಳೆಗಳಿಂದ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತದೆ. ತಾಯಿಯ ಆಂಟಿಬಾಡಿ ಆ ಎಳೆಗಳನ್ನೇ ಮುಚ್ಚುತ್ತದೆ. ಅಂಟಲು ಜಾಗ ಸಿಗದೆ ಬ್ಯಾಕ್ಟೀರಿಯಾ ಮಲದ ಜೊತೆ ಹೊರಗೆ ಹೋಗುತ್ತದೆ. ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ 'ಸಿ' ವಿಷಯದಲ್ಲಿ ಲಸಿಕೆ ತಡೆಯುವುದು ವಿಷವನ್ನು, ಬ್ಯಾಕ್ಟೀರಿಯಾವನ್ನಲ್ಲ. ಸ್ಟ್ರೆಪ್ಟೊಕಾಕಸ್ ಸುಯಿಸ್ ಎಂಬ ಬ್ಯಾಕ್ಟೀರಿಯಾ ಅಂತೂ ಹುಟ್ಟುವ ದಾರಿಯಲ್ಲೇ ಮರಿಗೆ ಹತ್ತುತ್ತದೆ. ಅಲ್ಲಿ ತಾಯಿಯ ಲಸಿಕೆಯ ಫಲಿತಾಂಶ ಒಂದೇ ಥರ ಬಂದಿಲ್ಲ. ಬ್ಯಾಕ್ಟೀರಿಯಾ ಇರುತ್ತದೆ. ತಾಯಿಯ ಆಂಟಿಬಾಡಿ ಕಾಯುತ್ತಿರುವಾಗಲೇ ಮರಿ ಅದರ ಪರಿಚಯ ಮಾಡಿಕೊಂಡು ತನ್ನದೇ ಶಕ್ತಿ ಬೆಳೆಸಿಕೊಂಡರೆ ಸಾಕು. ನಿಮ್ಮ ಶೆಡ್ಡಿನ ಭೇದಿ ಯಾವುದರದ್ದು? ಊಹೆ ಬೇಡ, ಪಶುವೈದ್ಯರ ಮೂಲಕ ಸ್ಯಾಂಪಲ್ ಲ್ಯಾಬಿಗೆ ಕಳಿಸಿ.

6. ಪ್ರತಿ ಹಂದಿಗೂ ಒಂದು ಕಾರ್ಡ್ ಇಡಿ.
ತಾಯಿಯ ಆಂಟಿಬಾಡಿ ಮರಿಯ ರಕ್ತದಲ್ಲಿ ಇನ್ನೂ ಜೋರಾಗಿರುವಾಗ ಮರಿಗೇ ಲಸಿಕೆ ಹಾಕಿದರೆ ಅದು ಸರಿಯಾಗಿ ಹತ್ತುವುದಿಲ್ಲ. ಹಂದಿಜ್ವರದ ಲಸಿಕೆಗೂ ಇದೇ ಮಾತು. ತಾಯಿಗೆ ಯಾವತ್ತು, ಯಾವ ಲಸಿಕೆ ಬಿತ್ತು ಎಂಬುದು ಗೊತ್ತಿಲ್ಲದೆ ಮರಿಯ ದಿನಾಂಕ ಗೊತ್ತುಮಾಡಲು ಡಾಕ್ಟರಿಗೂ ಆಗದು. ಹಾಗಾಗಿ ಮೊದಲ ಬ್ಯಾಚ್ ಕೊಳ್ಳಲು ಹೋದಾಗ ಬಣ್ಣ, ತೂಕ ನೋಡುವ ಮೊದಲು ತಾಯಿಯ ಕಾರ್ಡ್ ಕೇಳಿ. ಕಾರ್ಡ್ ಇಲ್ಲವೆಂದರೆ ಬರಿಗೈಲಿ ವಾಪಸ್ ಬನ್ನಿ.