ದೊಡ್ಡ ಕರುಳಿನ ಕ್ಯಾನ್ಸರ್: ಕಾರಣ ಮತ್ತು ಅಪಾಯಕಾರಿ ಅಂಶಗಳು

• ಎಲ್ಲಿ: ದೊಡ್ಡ ಕರುಳು ಮತ್ತು ಗುದನಾಳದ ಒಳಪದರ.

• ಹೇಗೆ: ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭ. ಎಪಿಸಿ ಮೊದಲಾದ ಜೀನ್‌ಗಳು ಕೆಟ್ಟಾಗ ಕೆಲವು ಪಾಲಿಪ್‌ಗಳು ಸುಮಾರು 10 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತವೆ.

• ಜಾಗತಿಕ ಸ್ಥಾನ (ಗ್ಲೋಬೊಕಾನ್ 2022 ಕ್ಯಾನ್ಸರ್ ಅಂಕಿಅಂಶ): ಹೊಸ ಪ್ರಕರಣಗಳಲ್ಲಿ 3ನೆಯದು, ಕ್ಯಾನ್ಸರ್ ಸಾವುಗಳಲ್ಲಿ 2ನೆಯದು.

• ಬದಲಿಸಲಾಗದ ಅಂಶಗಳು: ಹೆಚ್ಚುವ ವಯಸ್ಸು, ಕುಟುಂಬದ ಹಿನ್ನೆಲೆ, ಲಿಂಚ್ ಸಿಂಡ್ರೋಮ್ (ಆನುವಂಶಿಕ ಸಮಸ್ಯೆ).

• ತಪ್ಪಿಸಬಹುದಾದವು: ತಂಬಾಕು, ಮದ್ಯಪಾನ, ಬೊಜ್ಜು, ವ್ಯಾಯಾಮದ ಕೊರತೆ, ನಾರಿನಂಶ ಕಡಿಮೆಯಿರುವ ಆಹಾರ.

• ನೆನಪಿಡಿ: ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2015ರಲ್ಲಿ ಸಂಸ್ಕರಿತ ಮಾಂಸವನ್ನು ಗುಂಪು 1ಕ್ಕೆ (ಕ್ಯಾನ್ಸರ್‌ಕಾರಕ), ಕೆಂಪು ಮಾಂಸವನ್ನು ಗುಂಪು 2ಎಗೆ (ಬಹುಶಃ ಕ್ಯಾನ್ಸರ್‌ಕಾರಕ) ಸೇರಿಸಿತು.

• ಪತ್ತೆ: ಕೊಲೊನೋಸ್ಕೊಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಪರೀಕ್ಷೆ). ಪರೀಕ್ಷೆಯ ವೇಳೆಯಲ್ಲೇ ಪಾಲಿಪ್ ತೆಗೆದು ಕ್ಯಾನ್ಸರ್ ತಡೆಯಬಹುದು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಾಗದೆ ವೈದ್ಯರನ್ನು ಕಾಣಿ.