ಔಷಧದ ಹೊದಿಕೆಯಲ್ಲಿ ಅಡಗಿರುವ ಅರಿವು

1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಅರಿಯದ ಮನೆ ಹಳೆಯ ಮೈಸೂರು ಸೀಮೆಯಲ್ಲಿ ವಿರಳ. ಆ ಗುಲಾಬಿ ಬಣ್ಣದ ಪುಡಿ ಕಾಗದದ ಪೊಟ್ಟಣದಲ್ಲಿ ಮನೆಗೆ ಬರುತ್ತಿತ್ತು. ಹಿರಿಯರು ಪೊಟ್ಟಣವನ್ನು ಬಿಡಿಸಿ, ಪುಡಿಯನ್ನು ಡಬ್ಬಿಗೆ ಸುರಿದು, ಕಾಗದವನ್ನು ಒಲೆಗೆ ಹಾಕುತ್ತಿದ್ದರು. ಅದರಿಂದ ಯಾವ ಹಾನಿಯೂ ಆಗುತ್ತಿರಲಿಲ್ಲ. ಆದರೆ ಇಂದಿನ ಮಾತ್ರೆಗಳನ್ನೂ ಹೀಗೆಯೇ ಡಬ್ಬಿಗೆ ಸುರಿದಿಡುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿ ಉಳಿದುಬಂದಿದೆ. ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ತಿ. ನರಸೀಪುರದ ಕಡೆಯ ವೃದ್ಧ ತಾಯಿಯೊಬ್ಬರು ಆರೋಗ್ಯ ತಪಾಸಣೆಗೆ ಬಂದಾಗ ಸೆರಗಿನಿಂದ ಪುಟ್ಟ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಮುಂದಿಟ್ಟರು. ಅದರೊಳಗೆ ಬಿಳಿಯ ದುಂಡು ಮಾತ್ರೆಗಳು ಬೆರೆತುಹೋಗಿದ್ದವು. "ದೊಡ್ಡದು ಸಕ್ಕರೆಗೆ, ಚಿಕ್ಕದು ರಕ್ತದೊತ್ತಡಕ್ಕೆ ಬುದ್ಧಿ. ಈ ಸಲ ಎರಡೂ ಒಂದೇ ಗಾತ್ರ ಬಂದುಬಿಟ್ಟಿವೆ" ಎಂದರು. ಅಂಗಡಿಯಲ್ಲಿ ಅದೇ ಔಷಧವನ್ನು ಬೇರೊಂದು ಕಂಪನಿಯ ಹೆಸರಿನಲ್ಲಿ ಕೊಟ್ಟಿದ್ದರು. ಅದು ತಪ್ಪಲ್ಲ, ಔಷಧ ಒಂದೇ. ಆದರೆ ಗಾತ್ರವನ್ನೇ ಗುರುತಾಗಿ ನಂಬಿದ್ದ ಆ ತಾಯಿ ಒಂದು ರಾತ್ರಿ ರಕ್ತದೊತ್ತಡದ ಮಾತ್ರೆಯೆಂದು ಭಾವಿಸಿ ಸಕ್ಕರೆ ಇಳಿಸುವ ಮಾತ್ರೆಯನ್ನೇ ಎರಡನೆಯ ಬಾರಿ ನುಂಗಿದ್ದರು. ಬೆಳಗಿನ ಜಾವ ಮೈಯೆಲ್ಲ ಬೆವೆತು, ಕಣ್ಣು ಕತ್ತಲಿಟ್ಟು ಕುಸಿದಾಗ, ಸೊಸೆಯು ಸಮಯಕ್ಕೆ ಸರಿಯಾಗಿ ಕುಡಿಸಿದ ಬೆಲ್ಲದ ಪಾನಕ ಅವರನ್ನು ಉಳಿಸಿತು.

ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಜತನ ಮಾಡುವ ಪರಂಪರೆ ನಮ್ಮದು. ಒಳಗಿನ ವಸ್ತುವಿಗೆ ತಕ್ಕ ಆವರಣ ಬೇಕೆಂಬುದು ನಮಗೆ ಹೊಸ ಮಾತೇನಲ್ಲ. ಮಾತ್ರೆಯ ಸ್ಟ್ರಿಪ್ಪೂ ಅಂಥದೊಂದು ಆವರಣವೇ. ಅಲ್ಯೂಮಿನಿಯಂ ಹಾಳೆ ಗಾಳಿಯ ತೇವವನ್ನೂ ಬೆಳಕನ್ನೂ ತಡೆಯುತ್ತದೆ. ಕೆಲವು ಔಷಧಗಳು ತೇವ ತಗುಲಿದ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುವುದರಿಂದ ಅವುಗಳಿಗೆ ಎರಡೂ ಬದಿ ಅಲ್ಯೂಮಿನಿಯಂ ಇರುವ ಸ್ಟ್ರಿಪ್ ಬಳಸುತ್ತಾರೆ. ಒಂದೊಂದು ಮಾತ್ರೆಗೂ ಒಂದೊಂದು ಗೂಡು ಇರುವುದರಿಂದ, ಒಂದನ್ನು ಒಡೆದರೆ ಉಳಿದವು ಭದ್ರವಾಗಿರುತ್ತವೆ.

ಹೊದಿಕೆಯು ನೆನಪಿನ ಕೆಲಸವನ್ನೂ ಮಾಡಬಲ್ಲದೆಂದು ಕಂಡುಕೊಂಡವರು ಅಮೆರಿಕದ ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರ್. ಪತ್ನಿ ಅಂದಿನ ಗುಳಿಗೆಯನ್ನು ನುಂಗಿದರೋ ಇಲ್ಲವೋ ಎಂಬ ಅನುಮಾನ ಅವರ ಮನೆಯಲ್ಲಿ ಪದೇ ಪದೇ ಏಳುತ್ತಿತ್ತು. ಅದಕ್ಕಾಗಿ ಅವರು ವಾರದ ದಿನಗಳನ್ನು ಗುರುತಿಸಿದ, ಖಾಲಿಯಾದ ಗೂಡನ್ನು ನೋಡಿದೊಡನೆ ಉತ್ತರ ಸಿಗುವಂಥ ಕರಡಿಗೆಯೊಂದನ್ನು ರೂಪಿಸಿ, 1964ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಮಾತ್ರೆ ಮರೆಯುವವರಿಗೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ಆದರೆ ಒಂದು ಎಚ್ಚರಿಕೆ. ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದೇ ಗೂಡಾಗಿ ಕತ್ತರಿಸಿ ಇಡಬಾರದು. ದೃಷ್ಟಿ ಮಂದವಾದ ವೃದ್ಧರು ಆ ತುಂಡನ್ನೇ ಮಾತ್ರೆಯೊಂದಿಗೆ ನುಂಗಿ, ಅದರ ಚೂಪಾದ ಅಂಚು ಅನ್ನನಾಳವನ್ನು ಗಾಯಗೊಳಿಸಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇನ್ನು ಮಧುಮೇಹಿಗಳ ಮನೆಯಲ್ಲಿರುವ ಗ್ಲೂಕೋಮೀಟರ್ ವಿಷಯ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ಇದೆ. ಅಲ್ಲಿ ತಯಾರಾಗುವುದು ಎಲೆಕ್ಟ್ರಾನಿಕ್ ಯಂತ್ರಗಳ ಒಡಲಲ್ಲಿರುವ ಸರ್ಕ್ಯೂಟ್ ಬೋರ್ಡ್. ಗ್ಲೂಕೋಮೀಟರಿನೊಳಗೂ ಇರುವುದು ಅಂಥದೇ ಒಂದು ಪುಟ್ಟ ಹಲಗೆ. ಆದರೆ ನಿಜವಾದ ಪರೀಕ್ಷೆ ನಡೆಯುವುದು ಯಂತ್ರದಲ್ಲಲ್ಲ, ನಾವು ಬಳಸಿ ಎಸೆಯುವ ಪರೀಕ್ಷಾ ಪಟ್ಟಿಯ ತುದಿಯಲ್ಲಿ. ಅಲ್ಲಿ ಲೇಪಿಸಿರುವ ಕಿಣ್ವವು ರಕ್ತದ ಗ್ಲೂಕೋಸಿನೊಡನೆ ವರ್ತಿಸಿ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಹರಿಸುತ್ತದೆ. ಯಂತ್ರವು ಅದನ್ನು ಅಳೆದು, ಲೆಕ್ಕ ಹಾಕಿ, ಸಂಖ್ಯೆಯಾಗಿ ತೋರಿಸುತ್ತದೆ. ಕಿಣ್ವದಿಂದ ಗ್ಲೂಕೋಸನ್ನು ಹೀಗೆ ಅಳೆಯುವ ಮಾರ್ಗವನ್ನು 1962ರಲ್ಲಿ ತೋರಿಸಿಕೊಟ್ಟವರು ಲೆಲ್ಯಾಂಡ್ ಕ್ಲಾರ್ಕ್.

ಆ ಕಿಣ್ವಕ್ಕೆ ತೇವವೇ ಶತ್ರು. ಪಟ್ಟಿಗಳ ಶೀಶೆಯ ಮುಚ್ಚಳ ಅಷ್ಟು ಬಿಗಿಯಾಗಿರುವುದಕ್ಕೂ, ಒಳಗೆ ತೇವ ಹೀರುವ ವಸ್ತುವನ್ನು ಇಟ್ಟಿರುವುದಕ್ಕೂ ಕಾರಣ ಇದೇ. ಶೀಶೆಯನ್ನು ತೆರೆದಿಟ್ಟು ಮಾತನಾಡುತ್ತ ಕೂರುವುದು, ನಾಲ್ಕು ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ನೆಂಟರಿಗೆ ಕೊಡುವುದು, ಅಡುಗೆಮನೆಯ ಆವಿಯ ಬಳಿ ಇಡುವುದು, ಇವೆಲ್ಲ ಸುಳ್ಳು ಸಂಖ್ಯೆಗೆ ದಾರಿ. ಆ ಸಂಖ್ಯೆಯನ್ನು ನಂಬಿ ಇನ್ಸುಲಿನ್ ಪ್ರಮಾಣವನ್ನು ಬದಲಿಸಿದರೆ ಆಗುವ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತು. ನಮ್ಮ ನಂಜನಗೂಡು ರಸಬಾಳೆಯನ್ನು ಸುಲಿದ ಬೆರಳಿನಿಂದ ರಕ್ತ ತೆಗೆದರೆ, ಬೆರಳಿಗಂಟಿದ ಹಣ್ಣಿನ ಸಕ್ಕರೆಯನ್ನೂ ಯಂತ್ರ ರಕ್ತದ ಲೆಕ್ಕಕ್ಕೇ ಸೇರಿಸುತ್ತದೆ. ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡೇ ಚುಚ್ಚಬೇಕು.

ಯಂತ್ರವು ಹಿಂದಿನ ನೂರಾರು ಅಳತೆಗಳನ್ನು ದಿನಾಂಕ, ವೇಳೆಗಳೊಡನೆ ನೆನಪಿಟ್ಟುಕೊಳ್ಳುತ್ತದೆ. ಅದರ ಗಡಿಯಾರವನ್ನು ಸರಿಪಡಿಸಿಡದಿದ್ದರೆ ಈ ನೆನಪು ವ್ಯರ್ಥ. ವೈದ್ಯರ ಬಳಿಗೆ ಹೋಗುವ ಮುನ್ನಿನ ಎರಡು ದಿನ ಮಾತ್ರ ಕಟ್ಟುನಿಟ್ಟಾಗಿ ಪಥ್ಯ ಮಾಡಿ, ಒಳ್ಳೆಯ ಸಂಖ್ಯೆಗಳನ್ನಷ್ಟೇ ಚೀಟಿಯಲ್ಲಿ ಬರೆದು ತರುವವರನ್ನು ಕಂಡಿದ್ದೇನೆ. ಚೀಟಿಯ ಬದಲು ಯಂತ್ರವನ್ನೇ ಕೊಂಡೊಯ್ದರೆ ಚಿಕಿತ್ಸೆ ನಿಜವಾದ ಸ್ಥಿತಿಗೆ ತಕ್ಕಂತೆ ನಡೆಯುತ್ತದೆ.

ಮಾತ್ರೆಯ ಹೊದಿಕೆಗೂ ಈಗ ಇಂಥ ನೆನಪು ಬಂದಿದೆ. 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಅವರು ಮೋಟಾರು ಬಿಡಿಭಾಗಗಳ ಗುರುತಿಗೆಂದು ಕಂಡುಹಿಡಿದ ಕ್ಯೂಆರ್ ಕೋಡ್ ಇಂದು ಚಹದಂಗಡಿಯಲ್ಲಿ ಹಣ ಕೊಡಲೂ ಬಳಕೆಯಲ್ಲಿದೆ. ಭಾರತ ಸರ್ಕಾರವು 2023ರ ಆಗಸ್ಟ್ 1ರಿಂದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಔಷಧಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಇರಲೇಬೇಕೆಂದು ವಿಧಿಸಿದೆ. ಮೊಬೈಲಿನಿಂದ ಅದನ್ನು ಓದಿಸಿದರೆ ಔಷಧದ ಮೂಲಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಪರವಾನಗಿ ಸಂಖ್ಯೆ ಮೊದಲಾದ ವಿವರಗಳು ತೆರೆದುಕೊಳ್ಳಬೇಕು. ಅವು ಸ್ಟ್ರಿಪ್ಪಿನ ಮೇಲಿನ ಮುದ್ರಣದೊಡನೆ ತಾಳೆಯಾಗದಿದ್ದರೆ ಆ ಔಷಧವನ್ನು ಸೇವಿಸದೆ ಅಂಗಡಿಯವರನ್ನು ಕೇಳಬೇಕು. ಓದಲು ಬಾರದ ಅಜ್ಜಿಗೆ ಮೊಮ್ಮಕ್ಕಳು ಮಾಡಿಕೊಡಬಹುದಾದ ಸೇವೆ ಇದು.

ಕೋಡ್ ಇಲ್ಲದ ಔಷಧಗಳೇ ಇನ್ನೂ ಹೆಚ್ಚಾಗಿರುವುದರಿಂದ ಮುದ್ರಿತ ಅಕ್ಷರಗಳನ್ನು ಓದುವ ಅಭ್ಯಾಸ ಬಿಡುವಂತಿಲ್ಲ. ಹೊದಿಕೆಯ ಎಡಭಾಗದಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ಅವಧಿ ಮುಗಿಯುವ ತಿಂಗಳನ್ನಷ್ಟೇ ಮುದ್ರಿಸಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕೊಳ್ಳುವಾಗ ಹೆಸರು, ದಿನಾಂಕಗಳಿರುವ ಭಾಗ ಅಂಗಡಿಯವರ ಬಳಿಯೇ ಉಳಿದು, ಏನೂ ಬರೆದಿರದ ತುಂಡು ನಮ್ಮ ಕೈಗೆ ಬರುವುದುಂಟು. ಆಗ ಸಂಕೋಚಪಡದೆ, ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮೂರನ್ನೂ ಬರೆದ ರಸೀದಿಯನ್ನು ಕೇಳಿ ಪಡೆಯಬೇಕು. ಮನೆಯಲ್ಲಿ ಬಳಸುವಾಗ ಅಕ್ಷರಗಳಿಲ್ಲದ ತುದಿಯಿಂದ ಆರಂಭಿಸಿದರೆ ದಿನಾಂಕವಿರುವ ಗೂಡು ಕೊನೆಯವರೆಗೂ ಉಳಿಯುತ್ತದೆ.

ಆ ವೃದ್ಧ ತಾಯಿ ಮುಂದಿನ ಬಾರಿ ಬಂದಾಗ ಸ್ಟ್ರಿಪ್ಪುಗಳನ್ನು ಎರಡು ಬಟ್ಟೆಚೀಲಗಳಲ್ಲಿ ತಂದಿದ್ದರು. ಬೆಳಗಿನ ಚೀಲಕ್ಕೆ ಸೊಸೆ ಹಳದಿ ದಾರದಲ್ಲಿ ಸೂರ್ಯನನ್ನೂ, ರಾತ್ರಿಯ ಚೀಲಕ್ಕೆ ಬಿಳಿ ದಾರದಲ್ಲಿ ಚಂದ್ರನನ್ನೂ ಹೊಲಿದುಕೊಟ್ಟಿದ್ದಳು. ಸ್ಟೀಲ್ ಡಬ್ಬಿ ಈಗ ಏಲಕ್ಕಿಗೆ ಎಂದು ಅವರೇ ನಗುತ್ತ ಹೇಳಿದರು.