ಪದೇ ಪದೇ ನಿಂತುಹೋಗುವ ಗಣಕಯಂತ್ರ

ಯಂತ್ರವೊಂದು ಪೂರ್ಣವಾಗಿ ಕೆಟ್ಟುಹೋದರೆ ಅದರ ದೋಷವನ್ನು ಹುಡುಕುವುದು ಬಹಳ ಕಷ್ಟವೇನೂ ಅಲ್ಲ. ಒಮ್ಮೆ ಸರಿಯಾಗಿ ನಡೆದು ಮತ್ತೊಮ್ಮೆ ಕೈಕೊಡುವ ಯಂತ್ರವೇ ನಮ್ಮನ್ನು ಕಾಡುವುದು. ಹತ್ತು ಹನ್ನೆರಡು ವರ್ಷ ಹಳೆಯದಾದ ಮೇಜಿನ ಗಣಕಯಂತ್ರ ಇದಕ್ಕೆ ಒಳ್ಳೆಯ ನಿದರ್ಶನ. ಪ್ರಬಂಧವನ್ನು ಬರೆಯುತ್ತಿರುವಾಗಲೇ ಅದು ನಿಂತುಬಿಡುತ್ತದೆ. ಉಳಿಸದೆ ಇದ್ದ ಪುಟಗಳು ಇಲ್ಲವಾಗುತ್ತವೆ. ಅಂಗಡಿಗೆ ಒಯ್ದರೆ ಅಲ್ಲಿ ಒಂದು ಗಂಟೆಯ ಕಾಲ ನಿರಾತಂಕವಾಗಿ ನಡೆಯುತ್ತದೆ! ಇಂಥ ಯಂತ್ರವನ್ನು ಬೇಸರದಿಂದ ಗುಜರಿಗೆ ಹಾಕುವವರುಂಟು. ಒಂದಾದ ಮೇಲೊಂದು ಭಾಗವನ್ನು ಕೊಂಡು ಹಾಕಿ ಹಣವನ್ನು ಕಳೆದುಕೊಳ್ಳುವವರೂ ಉಂಟು. ಇವೆರಡಕ್ಕಿಂತ ಮೇಲಾದ ಮೂರನೆಯ ದಾರಿಯೊಂದಿದೆ. ಅದನ್ನು ಈಗ ಪರಿಶೀಲಿಸೋಣ.

ಎಲ್ಲಕ್ಕಿಂತ ಮೊದಲು ಮಾಡಬೇಕಾದುದು ಒಂದೇ: ಯಂತ್ರ ನಡೆಯುತ್ತಿರುವಾಗಲೇ ನಮ್ಮ ಬರೆಹ, ಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದು. ಕೆಟ್ಟ ಭಾಗ ಹಾರ್ಡ್ ಡಿಸ್ಕೇ ಆಗಿದ್ದರೆ ಮುಂದೆ ಆ ಅವಕಾಶ ದೊರೆಯಲಾರದು.

ಬಳಿಕ ಒಂದು ಪುಸ್ತಕವನ್ನಿಟ್ಟು, ಯಂತ್ರ ನಿಂತ ಪ್ರತಿಯೊಂದು ಸಲವೂ ದಿನ, ಹೊತ್ತು, ಆಗ ನಡೆಯುತ್ತಿದ್ದ ಕೆಲಸ, ನಿಂತ ಬಗೆ ಇವನ್ನು ಬರೆದಿಡಬೇಕು. ನಿಂತ ಬಗೆಯಲ್ಲಿಯೇ ಒಂದು ಸುಳಿವಿದೆ. ವಿಂಡೋಸ್ ೧೦ರಲ್ಲಿ ನೀಲಿ ಪರದೆ ಬಂದರೆ, ತನ್ನ ಮಾಹಿತಿ ಇನ್ನು ನಂಬತಕ್ಕದ್ದಲ್ಲವೆಂದು ಕಂಡ ವ್ಯವಸ್ಥೆ, ಡಿಸ್ಕಿನಲ್ಲಿರುವುದಕ್ಕೂ ಹಾನಿಯಾಗದಿರಲೆಂದು ತಾನಾಗಿ ನಿಂತಿದೆಯೆಂದು ಅರ್ಥ. ನೀಲಿ ಪರದೆ ರೋಗವಲ್ಲ, ರೋಗದ ಲಕ್ಷಣ. ಯಾವ ಸೂಚನೆಯೂ ಇಲ್ಲದೆ ಯಂತ್ರ ದೀಪ ಆರಿದಂತೆ ಆರಿಹೋದರೆ, ಸಂದೇಹ ಮೊದಲು ಶಾಖದ ಮೇಲೂ ವಿದ್ಯುತ್ತಿನ ಮೇಲೂ ಹೋಗಬೇಕು. ವಿಂಡೋಸಿನ ದಾಖಲೆಯಲ್ಲಿ ಆಗ 'ಕರ್ನೆಲ್ ಪವರ್ ೪೧' ಎಂಬ ನಮೂದು ಕಾಣುವುದುಂಟು. ಹೆಸರನ್ನು ನೋಡಿ ವಿದ್ಯುತ್ತಿನದೇ ತಪ್ಪೆಂದು ತೀರ್ಮಾನಿಸಬಾರದು. ಯಂತ್ರ ಕ್ರಮವಾಗಿ ಮುಚ್ಚದೆ ಮತ್ತೆ ಆರಂಭವಾಯಿತೆಂಬಷ್ಟನ್ನೇ ಅದು ಹೇಳುತ್ತದೆ.

ಶಾಖವನ್ನು ಮೊದಲು ನೋಡೋಣ. ಪ್ರಾಸೆಸರಿನ ಶಾಖವನ್ನು ಲೋಹದ ರೆಕ್ಕೆಗಳೂ ಫ್ಯಾನೂ ಹೊರಹಾಕುತ್ತವೆ. ಪ್ರಾಸೆಸರಿಗೂ ಲೋಹಕ್ಕೂ ನಡುವೆ ಶಾಖವಾಹಕವಾದ ಪೇಸ್ಟಿನ ತೆಳುವಾದ ಲೇಪವಿರುತ್ತದೆ. ವರ್ಷಗಳು ಕಳೆದಂತೆ ರೆಕ್ಕೆಗಳಲ್ಲಿ ಧೂಳು ತುಂಬುತ್ತದೆ, ಪೇಸ್ಟು ಒಣಗುತ್ತದೆ. ಶಾಖ ಮಿತಿಮೀರಿದಾಗ ಪ್ರಾಸೆಸರು ಮೊದಲು ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ. ಅದರಿಂದಲೂ ತಣಿಯದಿದ್ದರೆ ಆತ್ಮರಕ್ಷಣೆಗಾಗಿ ಆರುತ್ತದೆ. ಭಾರವಾದ ಕೆಲಸದಲ್ಲಿ ಯಂತ್ರ ನಿಂತು, ಕೂಡಲೇ ಮತ್ತೆ ಹೊತ್ತಿಸಿದರೆ ಇನ್ನೂ ಬೇಗ ನಿಲ್ಲುವುದಾದರೆ, ಇದೇ ಕಾರಣವಿರಬಹುದು. ಪ್ಲಗ್ಗನ್ನು ಕಿತ್ತು ಧೂಳನ್ನು ತೆಗೆದು, ಪೇಸ್ಟನ್ನು ಹೊಸದಾಗಿ ಹಚ್ಚುವುದು ಅಗ್ಗವಾದ ಚಿಕಿತ್ಸೆ.

ಎರಡನೆಯದು ವಿದ್ಯುತ್ತು. ಗೋಡೆಯ ೨೩೦ ವೋಲ್ಟನ್ನು ೧೨, ೫, ೩.೩ ವೋಲ್ಟುಗಳ ನೇರ ಪ್ರವಾಹವಾಗಿ ಮಾರ್ಪಡಿಸುವುದು ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆ. ೧೨ ವೋಲ್ಟಿನ ತಂತಿಯಲ್ಲಿ, ಯಂತ್ರ ಕೆಲಸಮಾಡುತ್ತಿರುವಾಗ, ೧೧.೪ರಿಂದ ೧೨.೬ರವರೆಗಿನ ಅಳತೆ ಬರಬೇಕು. ಪ್ರವಾಹದ ಏರಿಳಿತವನ್ನು ಸಮಮಾಡುವವು ಕೆಪಾಸಿಟರುಗಳು. ಇವುಗಳೊಳಗಿನ ದ್ರವ ಶಾಖದಿಂದ ಕ್ರಮೇಣ ಒಣಗುತ್ತದೆ. ಉಷ್ಣತೆ ೧೦ ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುವುದು. ೨೦೦೦ದ ನಂತರದ ಕೆಲವು ವರ್ಷಗಳಲ್ಲಿ ತಯಾರಾದ ಅನೇಕ ಮದರ್‌ಬೋರ್ಡುಗಳು ಕೆಟ್ಟದ್ದು ಈ ದ್ರವದ ದೋಷದಿಂದಲೇ. ಕೆಪಾಸಿಟರಿನ ತಲೆ ಚಪ್ಪಟೆಯಾಗಿರಬೇಕು; ಉಬ್ಬಿದ್ದರೆ ಅಥವಾ ಕಂದುಬಣ್ಣದ ಕಲೆ ಕಂಡರೆ ಅದು ಕೆಟ್ಟಿದೆ. ಆದರೆ ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ ೩೦೦ ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಉಳಿದಿರುವ ಸಂಭವವುಂಟು, ಅದು ಪ್ರಾಣಾಪಾಯಕರ.

ಮೂರನೆಯದು ರ್‍ಯಾಮ್, ಎಂದರೆ ಯಂತ್ರದ ತಾತ್ಕಾಲಿಕ ಸ್ಮೃತಿ. ೮ ಜಿ.ಬಿ. ರ್‍ಯಾಮಿನಲ್ಲಿ ಸುಮಾರು ೬,೮೭೦ ಕೋಟಿ ಕೋಶಗಳಿರುತ್ತವೆ. ಒಂದೊಂದರಲ್ಲಿಯೂ ಸೊನ್ನೆ ಅಥವಾ ಒಂದು. ಇಷ್ಟರಲ್ಲಿ ಒಂದು ಕೋಶ ಕೆಟ್ಟಿದ್ದರೂ ಸಾಕು. ಅಲ್ಲಿ ಚಿತ್ರದ ಒಂದು ಚುಕ್ಕೆಯಿದ್ದರೆ ನಮಗೆ ಗೊತ್ತೇ ಆಗದು. ವ್ಯವಸ್ಥೆಗೆ ಅತ್ಯಗತ್ಯವಾದ ಸಂಖ್ಯೆಯಿದ್ದರೆ ಯಂತ್ರವೇ ನಿಲ್ಲುವುದು. ದೋಷ ಬಂದುಹೋಗುತ್ತಿರುವಂತೆ ತೋರಲು ಇದೊಂದು ಕಾರಣ. ದೋಷ ಸದಾ ಅಲ್ಲಿಯೇ ಇದೆ. ಅದನ್ನು ಮುಟ್ಟುವ ಸಂದರ್ಭ ಮಾತ್ರ ಆಗೊಮ್ಮೆ ಈಗೊಮ್ಮೆ ಒದಗುತ್ತದೆ. ಮೆಮ್‌ಟೆಸ್ಟ್ ೮೬ ಎಂಬ ಪರೀಕ್ಷಕ ವಿಂಡೋಸಿಗೆ ಮೊದಲೇ ಆರಂಭವಾಗಿ, ಕೋಶಗಳಲ್ಲಿ ಬರೆದು ಓದಿ ಹೋಲಿಸುತ್ತದೆ. ಅದನ್ನು ರಾತ್ರಿಯಿಡೀ ನಡೆಸಬೇಕು. ತಪ್ಪು ಕಂಡರೆ ರ್‍ಯಾಮ್ ಪಟ್ಟಿಯನ್ನು ಬೇರೆ ಸ್ಲಾಟಿಗೆ ಬದಲಾಯಿಸಿ ಮತ್ತೆ ನಡೆಸಬೇಕು. ತಪ್ಪು ಪಟ್ಟಿಯ ಹಿಂದೆಯೇ ಹೋದರೆ ದೋಷ ಪಟ್ಟಿಯದು. ಸ್ಲಾಟಿನಲ್ಲಿಯೇ ಉಳಿದರೆ ಮದರ್‌ಬೋರ್ಡಿನದು.

ನಾಲ್ಕನೆಯದು ತಂತ್ರಾಂಶ. ಸೇಫ್ ಮೋಡಿನಲ್ಲಿ ಅತ್ಯಗತ್ಯವಾದ ಡ್ರೈವರುಗಳು ಮಾತ್ರ ಕೆಲಸಮಾಡುತ್ತವೆ. ಯಂತ್ರ ಅಲ್ಲಿ ದೀರ್ಘಕಾಲ ಸ್ಥಿರವಾಗಿ ನಡೆದರೆ, ಈಚೆಗೆ ಸೇರಿಸಿದ ಡ್ರೈವರನ್ನು ಸಂದೇಹಿಸಬಹುದು.

ಇಷ್ಟು ತಿಳಿದ ಮೇಲೂ ಒಂದು ನಿಯಮವನ್ನು ಮೀರಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಭಾಗಗಳನ್ನು ಒಟ್ಟಿಗೆ ಬದಲಾಯಿಸಿದರೆ, ಯಂತ್ರ ಸರಿಹೋದರೂ ಯಾವುದರಿಂದ ಎಂಬುದು ತಿಳಿಯದು. ಸರಿಯಾಗಿದ್ದ ಎರಡು ಭಾಗಗಳಿಗೆ ದುಡ್ಡು ತೆತ್ತಂತಾಗುವುದು.

ಬದಲಾವಣೆಯ ಬಳಿಕ ಎಷ್ಟು ದಿನ ಕಾಯಬೇಕು? ಯಾವ ಕ್ರಮವೂ ಇಲ್ಲದೆ, ಸರಾಸರಿ ದಿನಕ್ಕೊಮ್ಮೆ ನಿಲ್ಲುವ ಯಂತ್ರವನ್ನು ಭಾವಿಸಿರಿ. ಏನನ್ನೂ ದುರಸ್ತಿ ಮಾಡದಿದ್ದರೂ ಅದು ಒಂದು ದಿನ ನಿಲ್ಲದೆ ನಡೆಯುವ ಸಂಭಾವ್ಯತೆ ನೂರಕ್ಕೆ ೩೭ರಷ್ಟಿದೆಯೆಂದು ಗಣಿತ ಹೇಳುತ್ತದೆ. ಹಾಗಾಗಿ ಒಂದು ದಿನದ ಶಾಂತಿ ಏನನ್ನೂ ಸಿದ್ಧಪಡಿಸುವುದಿಲ್ಲ. ಮೂರು ದಿನ ನಿಲ್ಲದೆ ನಡೆಯುವ ಸಂಭಾವ್ಯತೆ ನೂರಕ್ಕೆ ೫ ಮಾತ್ರ. ಎಂದಮೇಲೆ, ಸರಾಸರಿ ಅಂತರದ ಮೂರು ಪಟ್ಟಾದರೂ ಕಾದ ಬಳಿಕವೇ ಗುಣವಾಯಿತೆನ್ನಲು ಆಧಾರ ದೊರೆಯುವುದು. ಹಳೆಯ ಭಾಗವನ್ನು ಮತ್ತೆ ಹಾಕಿದಾಗ ದೋಷ ಮರಳಿ ಬಂದರೆ ಆಧಾರ ಇನ್ನೂ ದೃಢವಾಗುತ್ತದೆ.

ಈ ಪರೀಕ್ಷೆಗಳ ಕೊನೆಗೆ ಮದರ್‌ಬೋರ್ಡೇ ಕೆಟ್ಟಿದೆಯೆಂದು ತಿಳಿದುಬಂದು, ಯಂತ್ರವನ್ನು ಬಿಡಬೇಕಾಗಿಯೂ ಬರಬಹುದು. ಆಗಲೂ ಶ್ರಮ ವ್ಯರ್ಥವಲ್ಲ; ಯಾವ ಭಾಗಗಳು ಗಟ್ಟಿಯಾಗಿವೆ, ಯಾವುವನ್ನು ಇನ್ನೊಂದು ಯಂತ್ರದಲ್ಲಿ ಬಳಸಬಹುದು ಎಂಬುದು ನಮಗೆ ತಿಳಿದಿರುತ್ತದೆ.